ಫಕೀರವ್ವನ ಹಾಜರಿ

ಮೂವತ್ತು ವರ್ಷ ಕಾಲೇಜಿನಲ್ಲಿ ತರ್ಕಶಾಸ್ತ್ರ ಕಲಿಸಿದ ಮಾಲಗಿತ್ತಿ ಮಾಸ್ತರು ಈಗ ಹೊಳೆದಂಡೆಯ ಆಶ್ರಮದಲ್ಲಿದ್ದರು.

ಅವರ ಶಿಷ್ಯ ಸಿದ್ಧರಾಮ ಅದೇ ಕಾಲೇಜಿನಲ್ಲಿ ಅದೇ ಪಾಠ ಹೇಳುತ್ತಿದ್ದ. ಓದುವ ಕಾಲಕ್ಕೆ ಅವನಿಗೆ ಉಗ್ಗು. ಮಾಸ್ತರು ಹಾಜರಿ ಕೂಗಿದರೆ 'ಬಂದೀನ್ರಿ' ಅನ್ನಲಿಕ್ಕೆ ಜೀವ ಹೋಗುತ್ತಿತ್ತು. ಈಗ ನೋಡಿದರೆ ಮಾತು ಅರಳು ಹುರಿದ ಹಾಗೆ.

ರೋಗದ ಭಯಕ್ಕೆ ಕಾಲೇಜು ಬಾಗಿಲು ಹಾಕಿ ನಾಲ್ಕು ತಿಂಗಳಾಗಿತ್ತು. ಪಾಠವೆಲ್ಲ ಫೋನಿನಲ್ಲೇ. ಹಾಜರಿ ಕಡಿಮೆಯಾದವರು ಪರೀಕ್ಷೆಗೆ ಕೂರುವಂತಿಲ್ಲ. ಅಂಥವರ ಪಟ್ಟಿಯನ್ನು ಅವತ್ತು ಸಂಜೆ ಐದರೊಳಗೆ ಕಳಿಸಬೇಕಿತ್ತು. ಸಿದ್ಧರಾಮ ಅದನ್ನು ಹಿಡಿದುಕೊಂಡೇ ಆಶ್ರಮಕ್ಕೆ ಬಂದಿದ್ದ.

"ಒಬ್ಬಾಕಿದು ಭಾಳ ತಲಿನೋವು ಆಗೇತ್ರಿ ಗುರುಗಳೆ. ಫಕೀರವ್ವ ಅಂತ. ಒಂದು ದಿನಾನೂ ಓಗೊಟ್ಟಿಲ್ಲ. ಫೋನ್ ಮಾಡಿ ಕೇಳಿದ್ರ, ದಿನಾ ಹೇಳೀನ್ರಿ ಸರ ಅಂತಾಳ. ಮುಖಕ್ಕ ಹೊಡದಂಗ ಸುಳ್ಳು."

"ಫೋನಿನ್ಯಾಗ ಅಕಿ ಹೆಸರು ಕಾಣಂಗಿಲ್ಲೇನು?"

"ಕಾಣ್ತೈತ್ರಿ. ಹೆಸರು ತೋರಿಸಿ ಹಾಸಿಗ್ಯಾಗ ಹೊಳ್ಳಿ ಮಲಗೋರಿಗೇನು ಕಡಿಮಿ? ನಾ ಕೂಗಿದಾಗ ಓಗೊಟ್ಟವರಿಗಷ್ಟ ಹಾಜರಿ."

"ಓಗೊಡಲಿಲ್ಲ ಅಂದ್ರ?"

"ಮುಂದಿನ ಹೆಸರು. ಅರವತ್ನಾಲ್ಕು ಮಂದಿ ಅದಾರ್ರಿ. ಅದರಾಗ ನಡುವ ಯಾರರ ಬಾಯಿ ಹಾಕ್ತಾರ. ಯಾರಂತ ನೋಡಾಕ ಎಲ್ಲಿ ಹೊತ್ತೈತಿ, ಎಲ್ಲಾರ ಮೈಕೂ ಬಂದ್ ಮಾಡಿಬಿಡ್ತೀನಿ."

ಮಾಸ್ತರು ಪಟ್ಟಿ ನೋಡಲಿಲ್ಲ. ವಲ್ಲಿ ಹೆಗಲಿಗೆ ಹಾಕಿಕೊಂಡು ಎದ್ದರು.

"ಆಚಿ ದಂಡಿಗೆ ಹೋಗೂದೈತಿ. ನಡಿ, ಅಂಬಿಗನ್ನ ನೀನ ಕೂಗು."

ಹೊಳೆ ತುಂಬಿತ್ತು. ಆಚೆ ದಂಡೆಯಲ್ಲಿ ಹರಿಗೋಲು ಬೋರಲು ಹಾಕಿದ್ದು ಕಾಣುತ್ತಿತ್ತು, ಅಂಬಿಗ ಕಾಣುತ್ತಿರಲಿಲ್ಲ.

ಸಿದ್ಧರಾಮ ಬಾಯಿಗೆ ಕೈ ಅಡ್ಡ ಹಿಡಿದು ಕೂಗಿದ. "ಓ ದುರಗಪ್ಪಾ." ಆ ಕೂಗು ಆಚೆ ಮುಟ್ಟುವುದರೊಳಗೆ ಇನ್ನೊಂದು. ಮೂರು ಸಲ, ನಾಲ್ಕು ಸಲ. ಗಂಟಲು ಹರಿದುಹೋಯಿತು.

"ಯಾರೂ ಇಲ್ರಿ. ಸೇತುವೆ ಮ್ಯಾಲೆ ಹೋಗೂಣು."

ಮಾಸ್ತರು ಅಲ್ಲೇ ಕಲ್ಲಿನ ಮೇಲೆ ಕೂತರು. "ಬಾಯಿ ಮುಚ್ಚಿ ಕೂಡು."

ಸಿದ್ಧರಾಮನಿಗೆ ಸಿಟ್ಟು ಬಂತು. ನೂರೆಂಟು ಕೆಲಸ ಇಟ್ಟುಕೊಂಡು ಬಂದವನನ್ನು ಹೊಳೆ ನೋಡುತ್ತ ಕೂಡು ಅನ್ನುವುದೇ? ಆದರೂ ಗುರುಗಳ ಮಾತು. ಕೂತ.

ಸ್ವಲ್ಪ ಹೊತ್ತಿಗೆ ಹರಿಗೋಲು ನೀರಿಗಿಳಿಯಿತು. ಗಿರಗಿರ ತಿರುಗುತ್ತ ಈಚೆ ದಂಡೆಗೆ ಬಂತು.

"ಎಷ್ಟನೇ ಕೂಗಿಗೆ ಕೇಳಿಸ್ತೋ ದುರಗಪ್ಪ?" ಮಾಸ್ತರು ಕೇಳಿದರು.

"ಮೊದಲನೇದಕ್ಕ ಕೇಳಿಸ್ತ್ರಿ. ಬಂದೆ ಅಂದೆ. ನಾ ಬಂದೆ ಅನ್ನೂದಕ್ಕೂ ಈ ಸರ ಮತ್ತ ಕೂಗೂದಕ್ಕೂ ಸರಿ ಹೋತು. ಮೂರು ಸಲ ಹಂಗ ಆತ್ರಿ. ಕಡೀಕ ಸಾಕಾಗಿ ಸುಮ್ಮನ ಹುಟ್ಟು ಹಿಡದೆ."

ಮಾಸ್ತರು ಹರಿಗೋಲು ಹತ್ತಿದರು. ಸಿದ್ಧರಾಮ ಹತ್ತಲಿಲ್ಲ. ನಿಂತಲ್ಲೇ ಫೋನ್ ತೆಗೆದು ನಿನ್ನೆಯ ತರಗತಿಯ ರೆಕಾರ್ಡಿಂಗ್ ಹಚ್ಚಿದ.

ಅವನದೇ ದನಿ. ಫಕೀರವ್ವ ಎಂದು ಕೂಗಿ, ಒಂದು ಉಸಿರು ಬಿಟ್ಟು, ಬಸಲಿಂಗ ಅಂದ. ಬಸಲಿಂಗ ಓಗೊಟ್ಟ. ಮಹಾಂತೇಶ ಅಂದ. ಆ ಹೆಸರಿನ ಮೇಲೇ ಒಂದು ಸಣ್ಣ ಹೆಣ್ಣುದನಿ ಬಿತ್ತು, ಗಾಳಿಯ ಸದ್ದಿನೊಳಗೆ.

"ಬಂದೀನ್ರಿ ಸರ."

ಹಿಂದೆಯೇ ಅವನ ಮಾತು. "ಯಾರದು ನಡುವೆ? ಬಾಯಿ ಮುಚ್ಚಿ." ಆಮೇಲೆ ಆ ದನಿ ಇಲ್ಲ.

ಮೊನ್ನೆಯದು ಹಚ್ಚಿದ. ಅದರ ಹಿಂದಿನದು ಹಚ್ಚಿದ. ದಿನಾ ಅದೇ ದನಿ, ದಿನಾ ತಡವಾಗಿ, ಬೇರೆ ಯಾರದೋ ಹೆಸರಿನ ಮೇಲೆ. ಅವನಿಗೆ ತಲೆ ಎತ್ತಲಾರದಷ್ಟು ನಾಚಿಕೆಯಾಯಿತು.

"ಅಕಿ ಊರಾಗ ಸಿಗ್ನಲ್ ಇಲ್ರಿ," ಅಂದ. "ಗುಡ್ಡ ಹತ್ತಿ ಕೂಡ್ತೀನಿ ಅಂದಿದ್ಲು. ಅಲ್ಲಿಂದ ಮಾತು ತಡ ಆಗಿ ಮುಟ್ಟತೈತಿ. ನಾಲ್ಕು ತಿಂಗಳು ದಿನಾ ಓಗೊಟ್ಟಾಳ್ರಿ. ದಿನಾ ನಾನ ಬಾಯಿ ಮುಚ್ಚಿಸೀನಿ."

ಮಾಸ್ತರು ಹರಿಗೋಲಿನಲ್ಲಿ ಸರಿದು ಕೂತು ಅವನಿಗೆ ಜಾಗ ಮಾಡಿದರು.

ಸಿದ್ಧರಾಮ ಪೆನ್ನು ತೆಗೆದು ಪಟ್ಟಿಯಿಂದ ಫಕೀರವ್ವನ ಹೆಸರು ಹೊಡೆದುಹಾಕಿದ. ಅದರಲ್ಲಿ ಇನ್ನೂ ಒಂಬತ್ತು ಹೆಸರಿದ್ದವು. ಒಂದೊಂದನ್ನೇ ಓದಿದ. ಹಾಳೆ ಮಡಚಿ ಕಿಸೆಗಿಟ್ಟ.

"ಇದನ್ನ ಇವತ್ತು ಕಳಸೂದಿಲ್ರಿ. ಪ್ರಿನ್ಸಿಪಾಲರು ಬೈದರ ಬೈಸಿಕೋತೀನಿ. ಎಲ್ಲಾರದೂ ಮೊದಲಿಂದ ಕೇಳ್ತೀನಿ."

"ಹರಿಗೋಲು ಹತ್ತು, ಹೊತ್ತಾತು," ಅಂದರು ಮಾಸ್ತರು.

ಹರಿಗೋಲು ದಂಡೆ ಬಿಟ್ಟಿತು. ನಡುಹೊಳೆಗೆ ಬಂದ ಮೇಲೆ ಸಿದ್ಧರಾಮ ಮೆಲ್ಲಗೆ ಕೇಳಿದ.

"ನಾಳಿಂದ ಹೆಸರು ಕೂಗಿ ಎಷ್ಟೊತ್ತು ಕಾಯಬೇಕ್ರಿ ಗುರುಗಳೆ?"

"ನಿನ್ನ ಹೆಸರು ಕೂಗಿ ನಾ ಎಷ್ಟೊತ್ತು ಕಾದಿದ್ನೋ, ಅಷ್ಟೊತ್ತು ಕಾಯಿ."