ಆಮೆಯ ಕಂಪನಿಗೆ ಬಂದ ನೋಟಿಸು

ಹೊಳೆ ದಾಟಿಸುವ ದೋಣಿ ಕಂಪನಿಗೆ ಆಮೆಯೇ ಯಜಮಾನ. ದೋಣಿಗೆ ಹುಟ್ಟು ಕೆತ್ತಿಕೊಟ್ಟಿದ್ದ ಮರಕುಟಿಗ, ಬಾಕಿ ಬರಲಿಲ್ಲವೆಂದು ನೋಟಿಸು ತಂದು ಚಿಪ್ಪಿನ ಮೇಲೆ ಟಕಟಕ ಕುಟ್ಟಿತು. ಆಮೆ ತಲೆ ಒಳಗೆಳೆದುಕೊಂಡಿತು. ಮುಟ್ಟದ ನೋಟಿಸು ಬಂದ ಲೆಕ್ಕಕ್ಕಿಲ್ಲ ಎಂದು ಅದರ ನಂಬಿಕೆ. ಮರಕುಟಿಗ ನೋಟಿಸನ್ನು ಚಿಪ್ಪಿಗೇ ಅಂಟಿಸಿ ಹೋಯಿತು.

ಉತ್ತರ ಕೊಡುವ ವಾಯಿದೆ ಮುಗಿದ ಮೇಲೆ ಮರಕುಟಿಗ ಕೋರ್ಟಿಗೆ ಹೋಯಿತು. ನ್ಯಾಯಾಧೀಶ ಆನೆ ತೀರ್ಪು ಕೊಟ್ಟಿತು: "ನೋಟಿಸಿಗೆ ಉತ್ತರವಿಲ್ಲ. ಸಾಲ ತೀರಿಸುವ ಶಕ್ತಿ ಈ ಕಂಪನಿಗಿಲ್ಲ ಎಂದೇ ಕಾನೂನು ತಿಳಿಯುತ್ತದೆ. ಕಂಪನಿ ಮುಚ್ಚತಕ್ಕದ್ದು."

ಆಮೆ ಗಡಬಡಿಸಿ ತಲೆ ಹೊರಹಾಕಿತು. "ಮಹಾಸ್ವಾಮಿ, ದುಡ್ಡಿಗೇನೂ ಕೊರತೆಯಿಲ್ಲ. ಈ ಮರಕುಟಿಗ ಕೊಟ್ಟ ಹುಟ್ಟುಗಳೆಲ್ಲ ಸೀಳುಬಿಟ್ಟಿದ್ದವು, ಅದಕ್ಕೇ ಕೊಡಲಿಲ್ಲ."

"ಒಳ್ಳೆಯ ಉತ್ತರ," ಎಂದಿತು ಆನೆ. "ಚಿಪ್ಪು ಕುಟ್ಟಿದಾಗಲೇ ಹೇಳಿದ್ದರೆ ಕಂಪನಿ ಉಳಿಯುತ್ತಿತ್ತಲ್ಲಪ್ಪ. ಯಾಕೆ ಹೇಳಲಿಲ್ಲ?"

ಆಮೆ ಮತ್ತೆ ತಲೆ ಒಳಗೆಳೆದುಕೊಂಡಿತು.