ಒಣ ಬಟ್ಟೆಯ ಮಾಸ್ತರ

ಶಿಷ್ಯ ನಿರುಪಾದಿ ಒಂದು ಬೆಳಿಗ್ಗೆ ಗುರುಗಳನ್ನು ಕೇಳಿದ:

“ಗುರುಗಳೇ, ನೊಂದು ಬಂದವರ ಮಾತು ಕೇಳುವ ಕೆಲಸವನ್ನು ನನಗೆ ವಹಿಸಿದ್ದೀರಿ. ಅವರ ಅಳು, ಅವರ ಜಗಳ ಕೇಳಿ ಕೇಳಿ ನನ್ನ ಮನಸ್ಸೇ ಕಲಕಿಹೋಗುತ್ತದೆ. ಒಮ್ಮೊಮ್ಮೆ ಬೇಸರವೂ ಬರುತ್ತದೆ. ಮೊದಲು ನನ್ನ ಮನಸ್ಸು ತಿಳಿಯಾಗಲಿ, ಆಮೇಲೆ ಆ ಕೆಲಸಕ್ಕೆ ಕೂರುತ್ತೇನೆ. ಅಲ್ಲಿಯವರೆಗೆ ದೂರ ಉಳಿದರೆ ತಪ್ಪೇ?”

ಗುರುಗಳು ತಪ್ಪು ಎನ್ನಲಿಲ್ಲ, ಸರಿ ಎಂದೂ ಅನ್ನಲಿಲ್ಲ. ಕೂತುಕೋ ಎಂದು ಕೈಸನ್ನೆ ಮಾಡಿ ಈ ಕತೆ ಹೇಳಿದರು.

ಎರೆಭೂಮಿಯ ಸೀಮೆಯಲ್ಲಿ ಒಬ್ಬ ಶಾಲಾ ಮಾಸ್ತರನಿದ್ದ. ಅವನ ಮನೆ ಪಟ್ಟಣದಲ್ಲಿ. ಶಾಲೆ ಒಂಬತ್ತು ಕಿಲೋಮೀಟರ್ ದೂರದ ಸಣ್ಣ ಊರಿನಲ್ಲಿ. ಆ ಊರಿಗೆ ಬಸ್ಸು ಇರಲಿಲ್ಲ. ಮಾಸ್ತರ ದಿನವೂ ಸೈಕಲ್ಲಿನಲ್ಲಿ ಹೋಗಿ ಬರುತ್ತಿದ್ದ. ಅರ್ಧ ದಾರಿ ಡಾಂಬರು, ಉಳಿದದ್ದು ಕರಿಮಣ್ಣಿನ ಬಂಡಿದಾರಿ. ಶಾಲೆಗೆ ಇದ್ದದ್ದು ಒಂದೇ ಕೋಣೆ, ಅವನೊಬ್ಬನೇ ಮಾಸ್ತರ. ಬಾಗಿಲ ಕೀಲಿಕೈ ಅವನ ಜೇಬಿನಲ್ಲಿರುತ್ತಿತ್ತು.

ಅವನು ಒಳ್ಳೆಯ ಮಾಸ್ತರ. ಮಕ್ಕಳನ್ನು ಹೊಡೆಯುತ್ತಿರಲಿಲ್ಲ. ಒಂದೊಂದು ಮಗುವಿನ ಕೈ ಹಿಡಿದು ಅಕ್ಷರ ತಿದ್ದಿಸುತ್ತಿದ್ದ. ಅವನಿಗೆ ಇದ್ದದ್ದು ಒಂದೇ ಹಟ. ಮಕ್ಕಳ ಮುಂದೆ ನಿಲ್ಲುವವನು ಶುಭ್ರವಾಗಿ ನಿಲ್ಲಬೇಕು ಎನ್ನುತ್ತಿದ್ದ. ದಿನವೂ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಡುತ್ತಿದ್ದ. ಒದ್ದೆ ಬಟ್ಟೆ ಮೈಗೆ ಅಂಟಿದರೆ ಅವನಿಗೆ ಇಡೀ ದಿನ ಕೆಟ್ಟಂತೆ ಅನಿಸುತ್ತಿತ್ತು. ಪಾಠದಲ್ಲಿ ಮನಸ್ಸು ನಿಲ್ಲುತ್ತಿರಲಿಲ್ಲ.

ಹೀಗಾಗಿ ಮಳೆಗಾಲ ಬಂದರೆ ಅವನಿಗೆ ಸಂಕಟ. ಮೊದಲ ವರ್ಷ ಒಂದು ಕೈಯಲ್ಲಿ ಕೊಡೆ ಹಿಡಿದು ಸೈಕಲ್ ತುಳಿದ. ಗಾಳಿ ಬಂದು ಕೊಡೆ ತಿರುಚಿಕೊಂಡಿತು, ಅವನು ರಸ್ತೆ ಪಕ್ಕದ ತಗ್ಗಿಗೆ ಬಿದ್ದ. ಮರುವರ್ಷ ರೇನ್‌ಕೋಟು ತಂದ. ಅದರೊಳಗೆ ಬೆವತು ಮಳೆಗಿಂತ ಹೆಚ್ಚು ಒದ್ದೆಯಾದ. ಸಾಲದ್ದಕ್ಕೆ ಅದರ ಅಂಚು ಚೈನಿಗೆ ಸಿಕ್ಕಿ ಹರಿಯಿತು.

ಮೂರನೆಯ ವರ್ಷ ಅವನಿಗೆ ಉಪಾಯ ಹೊಳೆಯಿತು. ಡಾಂಬರು ಮುಗಿಯುವಲ್ಲಿ ಒಂದು ಚಹಾದ ಅಂಗಡಿ. ತಗಡಿನ ಮಾಡು, ಕೂರಲು ಬೆಂಚು. ಮಳೆ ಬಂದರೆ ಅಲ್ಲಿ ನಿಲ್ಲುವುದು, ಹನಿ ನಿಂತ ಮೇಲೆ ಹೊರಡುವುದು. ಅರ್ಧ ತಾಸು ತಡವಾಗುತ್ತಿತ್ತು, ಒಮ್ಮೊಮ್ಮೆ ಒಂದು ತಾಸು. ಆದರೆ ತಲುಪಿದ ಮೇಲೆ ಬಟ್ಟೆ ಒಣಗಿರುತ್ತಿತ್ತು, ಮನಸ್ಸು ಹಗುರವಾಗಿರುತ್ತಿತ್ತು, ಪಾಠ ಚೆನ್ನಾಗಿ ಸಾಗುತ್ತಿತ್ತು. ತಾನು ಸಮಾಧಾನವಾಗಿ ಹೋದರೆ ಮಕ್ಕಳಿಗೇ ಲಾಭ ಎಂದು ಅವನು ನಂಬಿದ. ಊರಿನವರು ಯಾರೂ ಆಕ್ಷೇಪಿಸಲಿಲ್ಲ.

ಭಾದ್ರಪದದ ಒಂದು ದಿನ ಬೆಳಿಗ್ಗೆ ಒಂಬತ್ತೂವರೆಗೆ ಮಳೆ ಹಿಡಿಯಿತು. ಮಾಸ್ತರ ಚಹಾದ ಅಂಗಡಿಯಲ್ಲಿ ನಿಂತ. ಆ ಸೀಮೆಗೆ ಅಪರೂಪವಾದ ಮಳೆ ಅದು. ಹತ್ತು ಗಂಟೆಯಾಯಿತು, ಹನ್ನೊಂದಾಯಿತು. ಅವನು ಎರಡು ಸಲ ಚಹಾ ಕುಡಿದ, ಪೇಪರು ಓದಿದ. ಹನ್ನೊಂದೂವರೆಗೆ ಹನಿ ನಿಂತಿತು. ದಾರಿಯ ಅಂಚಿನ ಹುಲ್ಲಿನ ಮೇಲೆ ಸೈಕಲ್ ನೂಕಿಕೊಂಡು, ಅಂಗಿಗೆ ಒಂದು ಹನಿ ಕೆಸರು ತಾಗದಂತೆ ಶಾಲೆ ತಲುಪಿದ.

ಶಾಲೆ ಊರ ಹೊರಗಿತ್ತು. ಊರಿಗೂ ಶಾಲೆಗೂ ನಡುವೆ ಒಂದು ಹಳ್ಳ. ಹೆಸರುಕಾಯಿ ಬಿಡಿಸುವ ದಿನಗಳಾದ್ದರಿಂದ ದೊಡ್ಡವರೆಲ್ಲ ನಸುಕಿನಲ್ಲೇ ದೂರದ ಹೊಲಗಳಿಗೆ ಹೋಗಿದ್ದರು. ಮಕ್ಕಳು ಎಂದಿನಂತೆ ಹಳ್ಳ ದಾಟಿ ಶಾಲೆಗೆ ಬಂದಿದ್ದರು. ಅವರು ಬಂದ ಮೇಲೆ ಮಳೆ ಬಂತು. ಹಳ್ಳ ಏರಿತು. ಹಿಂದೆ ಹೋಗುವಂತಿರಲಿಲ್ಲ. ಮುಂದೆ ಬಾಗಿಲಿಗೆ ಬೀಗ.

ಆ ಶಾಲೆಗೆ ಪಡಸಾಲೆ ಇರಲಿಲ್ಲ. ಗೋಡೆಯ ಮೇಲೆ ಒಂದು ಗೇಣು ಚಾಚಿದ ಕಲ್ಲಿನ ಸೂರು ಮಾತ್ರ ಇತ್ತು. ಮೂವತ್ತೆರಡು ಮಕ್ಕಳು ಅದರ ಕೆಳಗೆ ಎರಡು ತಾಸು ನಿಂತಿದ್ದರು. ಮಳೆ ನಿಂತಿದ್ದರೂ ನೆಲವೆಲ್ಲ ಕೆಸರಾಗಿ, ಮಾಸ್ತರ ಬಂದಾಗಲೂ ಹಾಗೆಯೇ ನಿಂತಿದ್ದರು. ಚಿಕ್ಕವರನ್ನು ಗೋಡೆಗೆ ಒತ್ತಿ ನಿಲ್ಲಿಸಿ, ನಾಲ್ಕನೆಯ ಇಯತ್ತೆಯ ಮಕ್ಕಳು ಅವರಿಗೆ ಅಡ್ಡವಾಗಿ, ಮಳೆಗೆ ಬೆನ್ನು ಕೊಟ್ಟು ನಿಂತಿದ್ದರು. ಅದನ್ನು ಅವರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಮಾಸ್ತರನನ್ನು ಕಂಡು ಎಲ್ಲರೂ ಎಂದಿನಂತೆ ನಮಸ್ಕಾರ ಹೇಳಿದರು. ಅಡ್ಡ ನಿಂತವರಲ್ಲಿ ಒಬ್ಬಳು ರೇಣವ್ವ. ಅವಳ ತುಟಿ ನೀಲಿಗಟ್ಟಿತ್ತು. ಅವಳು ಮಾಸ್ತರನ ಅಂಗಿ ನೋಡಿ ಹೇಳಿದಳು:

“ನೀವು ತೋಯ್ಸಿಕೊಂಡಿಲ್ರಿ ಸರ. ಚಲೋ ಆತ್ರಿ.”

ಆ ಮಾತಿನಲ್ಲಿ ಕೊಂಕು ಇರಲಿಲ್ಲ. ಹುಡುಗಿ ನಿಜವಾಗಿಯೂ ಸಂತೋಷಪಟ್ಟಿದ್ದಳು.

ಮಾಸ್ತರ ಬೀಗ ತೆಗೆದ. ಒಳಗೆ ಹೋದ ಮೇಲೆ ಅವನು ತನ್ನ ಅಂಗಿ ಬಿಚ್ಚಿ ಚಿಕ್ಕವರ ತಲೆ ಒರೆಸಿದ. ನಾಲ್ಕು ತಲೆ ಒರೆಸುವಷ್ಟರಲ್ಲಿ ಅಂಗಿ ಹಿಂಡುವಂತಾಯಿತು. ಇನ್ನೂ ಇಪ್ಪತ್ತೆಂಟು ತಲೆ ಉಳಿದಿದ್ದವು. ಆ ದಿನ ಅವನು ಪಾಠ ಮಾಡಲಿಲ್ಲ.

ರೇಣವ್ವನಿಗೆ ಜ್ವರ ಬಂತು. ಆರು ದಿನ ಏಳಲಿಲ್ಲ, ಆಮೇಲೆ ಚೇತರಿಸಿಕೊಂಡಳು. ಮಾಸ್ತರ ದಿನವೂ ಅವಳ ಮನೆಗೆ ಹೋಗಿ ಕೂತ. ಅವಳ ತಂದೆ ಬೈಯಲಿಲ್ಲ. ಮಳೆಗೆ ಯಾರೇನು ಮಾಡುವುದಕ್ಕಾಗುತ್ತದೆ ಎಂದಷ್ಟೇ ಅಂದ. ಬೈದಿದ್ದರೆ ಮಾಸ್ತರನಿಗೆ ಸ್ವಲ್ಪ ಹಗುರವಾಗುತ್ತಿತ್ತು.

ಪಟ್ಟಣದಲ್ಲಿ ಮಾಸ್ತರನ ಬೀದಿಗೆ ಒಬ್ಬ ಹಾಲಿನವನು ಬರುತ್ತಿದ್ದ. ಆರೇಳು ಕಿಲೋಮೀಟರ್ ದೂರದಿಂದ, ಸೈಕಲ್ಲಿಗೆ ಎರಡು ಕ್ಯಾನು ಕಟ್ಟಿಕೊಂಡು, ಮಳೆಯಿರಲಿ ಬಿಸಿಲಿರಲಿ ಒಂದೇ ಹೊತ್ತಿಗೆ ಬರುತ್ತಿದ್ದ. ಮಾಸ್ತರ ಅವನನ್ನು ನಿಲ್ಲಿಸಿ ಕೇಳಿದ: “ಇಂಥಾ ಮಳ್ಯಾಗ ತೋಯ್ಲಾರದಂಗ ಹೆಂಗ ಬರ್ತೀಯೋ?”

“ತೋಯ್ತೀನ್ರಿ,” ಎಂದ ಹಾಲಿನವನು. “ಹಾಲಿನಾಗ ನೀರು ಬೀಳದಂಗ ನೋಡ್ಕೋತೀನಿ.”

ಮಾಸ್ತರ ಆ ದಿನವೇ ಪೇಟೆಗೆ ಹೋಗಿ ಬೀಗಕ್ಕೆ ಇನ್ನೊಂದು ಕೀಲಿಕೈ ಮಾಡಿಸಿದ. ಅದನ್ನು ಆ ವಾರವಷ್ಟೇ ಶಾಲೆಯ ಹಿಂದಿನ ಹೊಲದಲ್ಲಿ ಗುಡಿಸಲು ಹಾಕಿಕೊಂಡು ಇರತೊಡಗಿದ್ದ ಒಬ್ಬ ರೈತನಿಗೆ ಕೊಟ್ಟ. ಕೀಲಿಕೈ ಅಲ್ಲಿದೆ ಎಂದು ತಾನು ತಡ ಮಾಡಲಿಲ್ಲ. ಬಾಗಿಲು ರೈತ ತೆಗೆಯಬಹುದು, ಪಾಠ ಯಾರು ಮಾಡಬೇಕು?

ಮಳೆಯಲ್ಲಿ ಸೈಕಲ್ ತುಳಿಯುವುದನ್ನು ಅವನು ಹೊಸದಾಗಿ ಕಲಿಯಬೇಕಾಯಿತು. ಎರೆಮಣ್ಣು ಮಡ್‌ಗಾರ್ಡಿನೊಳಗೆ ಮೆತ್ತಿಕೊಂಡು ಚಕ್ರವನ್ನೇ ಹಿಡಿದುಬಿಡುತ್ತದೆ. ಅವನು ಎರಡೂ ಮಡ್‌ಗಾರ್ಡ್ ಬಿಚ್ಚಿ ಮನೆಯಲ್ಲಿಟ್ಟ. ಮಣ್ಣು ಕೆದಕಲು ಒಂದು ಬಿದಿರ ಕಡ್ಡಿ ಸಿಕ್ಕಿಸಿಕೊಂಡ. ಒದ್ದೆಯಾದ ಬ್ರೇಕು ತಡವಾಗಿ ಹಿಡಿಯುತ್ತದೆ ಎಂಬುದು ಒಂದು ಎತ್ತಿನ ಬಂಡಿಗೆ ಗುದ್ದಿದ ಮೇಲೆ ತಿಳಿಯಿತು. ಗೊಬ್ಬರದ ಚೀಲದೊಳಗಿನ ಪ್ಲಾಸ್ಟಿಕ್ಕಿನಲ್ಲಿ ಒಂದು ಜೊತೆ ಬಟ್ಟೆ, ಹಾಜರಿ ಪುಸ್ತಕ, ಮಕ್ಕಳಿಗಾಗಿ ಮೂರು ಟವೆಲು ಸುತ್ತಿ ಕಟ್ಟಿಕೊಂಡ. ಮೋಡ ಕಂಡ ದಿನ ಮುಕ್ಕಾಲು ತಾಸು ಮೊದಲೇ ಹೊರಟ.

ಮುಂದಿನ ದೊಡ್ಡ ಮಳೆ ಹದಿನೈದು ದಿನಕ್ಕೆ ಬಂತು. ಚಹಾದ ಅಂಗಡಿಯವನು ಒಳಗಿನಿಂದ ಕೈಬೀಸಿ ಕರೆದ. ಮಾಸ್ತರ ತಲೆಯಾಡಿಸಿ ಮುಂದೆ ಹೋದ. ಕನ್ನಡಕಕ್ಕೆ ನೀರು ಹೊಡೆದು ದಾರಿ ಕಾಣಲಿಲ್ಲ, ಅದನ್ನು ತೆಗೆದು ಜೇಬಿಗಿಟ್ಟ. ಬಂಡಿದಾರಿಯಲ್ಲಿ ಎರಡು ಸಲ ಬಿದ್ದ. ಒಂದು ಕಡೆ ಚಕ್ರ ತಿರುಗಲೇ ಇಲ್ಲ, ಸೈಕಲ್ಲನ್ನು ಹೆಗಲ ಮೇಲೆ ಹೊತ್ತು ನಡೆದ. ಮೈಗೆ ಅಂಟಿದ ಬಟ್ಟೆಯಿಂದ ಅವನಿಗೆ ಮೊದಲಿನಷ್ಟೇ ಅಸಹ್ಯವಾಯಿತು. ಹತ್ತಕ್ಕೆ ಐದು ನಿಮಿಷ ಇರುವಾಗ ಶಾಲೆಯ ಮುಂದೆ ನಿಂತಿದ್ದ. ಅವನ ಮೂಗಿನವರೆಗೂ ಕೆಸರು ಹತ್ತಿದ್ದನ್ನು ನೋಡಿ ಮಕ್ಕಳು ಬಾಯಿ ಮುಚ್ಚಿಕೊಂಡು ನಕ್ಕರು. ಅವನು ಹಿಂದಿನ ಗುಡಿಸಲಿಗೆ ಹೋಗಿ ಬಟ್ಟೆ ಬದಲಿಸಿ ಬಂದು ಹಾಜರಿ ಕೂಗಿದ.

ಒಂದು ದಿನ ಮಾತ್ರ ಅವನು ದಾರಿಯಲ್ಲಿ ನಿಂತ. ಬಂಡಿದಾರಿಯಲ್ಲಿ ನೀರು ಹಾಯಲು ಕಟ್ಟಿದ್ದ ಕಲ್ಲಿನ ಮೋರಿಯ ಮೇಲೆ ತೊಡೆಯುದ್ದ ನೀರು ಹರಿಯುತ್ತಿತ್ತು, ಕೆಳಗೆ ಕಲ್ಲು ಇದೆಯೋ ಕೊಚ್ಚಿಹೋಗಿದೆಯೋ ಕಾಣುತ್ತಿರಲಿಲ್ಲ. ನೀರು ಮೊಣಕಾಲಿಗಿಂತ ಇಳಿದು ಕಲ್ಲು ಕಾಣುವವರೆಗೆ ಅವನು ಸುರಿಯುವ ಮಳೆಯಲ್ಲೇ ದಂಡೆಯ ಮೇಲೆ ಕಾದ. ಬಾಗಿಲನ್ನು ರೈತ ತೆಗೆದಿದ್ದಾನೆಂದು ಅವನಿಗೆ ಗೊತ್ತಿತ್ತು.

ಆಮೇಲೆ ಆ ಶಾಲೆಯಲ್ಲಿ ಅವನು ಇನ್ನೂ ಹದಿನೇಳು ವರ್ಷ ಇದ್ದ. ರೇಣವ್ವ ಅಲ್ಲಿ ಕಲಿತು ಪಟ್ಟಣದ ದೊಡ್ಡ ಶಾಲೆಗೆ ಹೋದಳು.

ಗುರುಗಳು ಕತೆ ನಿಲ್ಲಿಸಿದರು. ನಿರುಪಾದಿ ಕೇಳಿದ:

“ಅಷ್ಟು ವರ್ಷ ಮಳೆಯಲ್ಲಿ ನೆನೆದ ಮೇಲೆ ಅವನ ಬೇಸರ ಹೋಗಿರಬೇಕಲ್ಲವೇ ಗುರುಗಳೇ? ಕೊನೆಗಾದರೂ ಅವನ ಮನಸ್ಸು ಶಾಂತವಾಯಿತೇ?”

“ಇಲ್ಲ,” ಎಂದರು ಗುರುಗಳು, “ಹದಿನೇಳು ವರ್ಷವೂ ಬೇಸರಪಟ್ಟುಕೊಂಡೇ ಹತ್ತು ಗಂಟೆಗೆ ಪಾಠ ಶುರು ಮಾಡಿದ.”

ನಿರುಪಾದಿ ಎದ್ದು, ನೊಂದು ಬಂದವರು ಕಾದು ಕೂತಿದ್ದ ಕಡೆಗೆ ನಡೆದ.