ಕಾವಲುಗಾರನ ಮೂರನೇ ಕಿವಿ

ಭೂಮಿ ಇನ್ನೂ ಹಸಿಯಾಗಿತ್ತು, ಚೆಲುವಿ. ಹೆಜ್ಜೆ ಇಟ್ಟಲ್ಲೆಲ್ಲ ಅಚ್ಚು ಮೂಡುತ್ತಿತ್ತು. ಆಗ ಮೊದಲ ಹೆಂಗಸಿನ ಹಿಮ್ಮಡಿಗೆ ಜಾಲಿಮುಳ್ಳು ಚುಚ್ಚಿತು.

ಅವಳ ಮೈಯೊಳಗೆ ರಕ್ತದ ಹೊಳೆ ಹರಿಯುತ್ತಿತ್ತು. ನಿನ್ನ ಮೈಯಲ್ಲೂ ಹರಿಯುತ್ತೆ. ಹೊಳೆಯಲ್ಲಿ ಕಾವಲುಗಾರರಿದ್ದರು. ಕಣ್ಣಿಗೆ ಕಾಣದಷ್ಟು ಸಣ್ಣವರು. ಓಡಿ ಬಂದರು. ಮುಳ್ಳಿನ ಜೊತೆ ಒಳಗೆ ಬಂದ ಕೆಟ್ಟ ಹುಳಗಳನ್ನೆಲ್ಲ ಹೊಡೆದು ಹಾಕಿದರು. ಒಳ್ಳೇದೇ ಆಯಿತು.

ಆದರೆ ನಿಲ್ಲಿಸಲಿಲ್ಲ. ಹಿಮ್ಮಡಿಯೊಳಗೆ ಸಂಸಾರ ಮಾಡಿಕೊಂಡಿದ್ದ ಜೀವಕಣಗಳ ಮನೆಗಳನ್ನೂ ಬಡಿದರು. ಕಾಲು ಊದಿ ಕುಂಬಳಕಾಯಿ ಆಯಿತು. ಹೆಂಗಸು ಅತ್ತಳು.

"ಹುಳ ಎಲ್ಲ ಸತ್ತವಲ್ಲೋ. ಇನ್ಯಾರನ್ನ ಹೊಡೀತಿದ್ದೀಯ?" ಅಂದಿತು ಹೊಳೆ.

"ಇನ್ನೊಂದು ಇರಬಹುದು," ಅಂದ ಕಾವಲುಗಾರ.

"ಎಲ್ಲಿದೆ?"

"ಹೊಡೆದ ಮೇಲೆ ಗೊತ್ತಾಗುತ್ತೆ."

ಹೊಳೆಗೆ ರೋಸಿ ಹೋಯಿತು. ಒಬ್ಬೊಬ್ಬ ಕಾವಲುಗಾರನಿಗೂ ಕುತ್ತಿಗೆಯ ಹಿಂದೆ ಮೂರನೇ ಕಿವಿ ಇಟ್ಟಿತು. ಆ ಕಿವಿಗೆ ಕೇಳುವುದು ಒಂದೇ ಮಾತು. ಸಾಕು. ಆ ಮಾತು ಕೇಳಿದರೆ ಕೂತುಬಿಡಬೇಕು.

ಏಟು ತಿಂದ ಮನೆಯವರು ಕಾವಲುಗಾರನ ಹಿಂದಕ್ಕೆ ಹೋಗಿ, "ಸಾಕು ಕಣಣ್ಣ," ಅಂದರು. ಕೂತ. ಬಾವು ಇಳಿಯಿತು.

ಆಮೇಲೆ ಅದೇ ಮನೆಗಳಲ್ಲಿ ಒಬ್ಬ ಉಂಡಾಡಿ ಹುಟ್ಟಿದ. ಹೊರಗಿನವನಲ್ಲ, ಮನೆಯವನೇ. ಕೆಲಸ ಇಲ್ಲ. ತಿಂದ, ಬೆಳೆದ. ಪಕ್ಕದ ಮನೆಗಳನ್ನೂ ನುಂಗಿದ. ಕಾವಲುಗಾರ ಬಂದು ದೊಣ್ಣೆ ಎತ್ತಿದ. ಉಂಡಾಡಿ ಅವನ ಹಿಂದಕ್ಕೆ ಹೋಗಿ, "ಸಾಕು ಕಣಣ್ಣ," ಅಂದ.

ಕೂತ.

"ಏಳೋ," ಅಂದಿತು ಹೊಳೆ. "ಮನೆ ಎಲ್ಲ ನುಂಗ್ತಿದ್ದಾನೆ."

"ಸಾಕು ಅಂದ್ರು."

"ಯಾರು ಅಂದಿದ್ದು ಅಂತ ನೋಡಬಾರದೇನೋ?"

"ಹಿಂದೆ ಕಿವಿ ಇಟ್ಟೆ. ಕಣ್ಣು ಇಟ್ಟೆಯಾ?"

ಇಂಥವನ ಜೊತೆ ಏನು ಮಾತಾಡ್ತೀಯ.

ನಿಮ್ಮಜ್ಜಿ ಮೈಯಲ್ಲೂ ಅಂಥ ಉಂಡಾಡಿಯೇ ಗಡ್ಡೆ ಕಟ್ಟಿದ್ದು. ಆ ಮೂರನೇ ಕಿವಿಗೆ ಹತ್ತಿ ತುರುಕೋ ಮದ್ದು ಈಗ ಬಂದಿದೆ. ಡಾಕ್ಟ್ರು ಕೊಟ್ಟರು. ಕೆಲವರಲ್ಲಿ ಕಾವಲುಗಾರ ಏಳುತ್ತಾನಂತೆ. ಅವಳಲ್ಲಿ ಏಳಲಿಲ್ಲ. ಹತ್ತಿ ಇಟ್ಟರೂ ಏಳಲಿಲ್ಲ, ದರಿದ್ರದವನು.

ಆ ಕಿವೀನೇ ಕಿತ್ತು ಹಾಕಬೇಕು ತಾತ, ಅಂತೀಯ. ನಾನೂ ಅಂದಿದ್ದೆ. ಕಿತ್ತರೆ ಮುಳ್ಳು ಚುಚ್ಚಿದ ಕಾಲೆಲ್ಲ ಕುಂಬಳಕಾಯಿಯಾಗೇ ಇರುತ್ತೆ.

ಮೊನ್ನೆ ನಿನಗೂ ಮುಳ್ಳು ಚುಚ್ಚಿತು. ನಿನ್ನೆ ಚಪ್ಪಲಿಯೊಳಗೆ ಕಾಲು ತೂರಲಿಲ್ಲ. ಇವತ್ತು ತೂರಿತು, ನೋಡು. ಒಳಗೆ ಮನೆಯವರು ಯಾರೋ ಕಾವಲುಗಾರನ ಹಿಂದೆ ನಿಂತು, "ಸಾಕು ಕಣಣ್ಣ," ಅಂದಿದ್ದಾರೆ.